ಉನ್ಮಾದ ಮತ್ತು ಅವಧಾನ: ಎರಡು ಚಿಕಿತ್ಸಾಪರಂಪರೆಗಳ ಸಂಗಮ

1. ವಿಷಯಪ್ರವೇಶ

ವೈದ್ಯಶಾಸ್ತ್ರದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಒಂದು ವ್ಯಾಧಿಯನ್ನೋ ಒಂದು ಔಷಧವನ್ನೋ ಕೈಗೆತ್ತಿಕೊಂಡು, ಅದರ ಉಗಮದಿಂದ ಇಂದಿನವರೆಗಿನ ದಾರಿಯನ್ನು ಗುರುತಿಸುತ್ತಾರೆ. ಬರೆಯುವ ಅನುಕೂಲಕ್ಕೆ ಈ ಕ್ರಮ ಒಳ್ಳೆಯದೇ. ಆದರೆ ರೋಗಿಯ ಬಾಳು ಇಂತಹ ಅಧ್ಯಾಯವಿಭಾಗವನ್ನು ಅನುಸರಿಸುವುದಿಲ್ಲ. ಒಬ್ಬನೇ ಮನುಷ್ಯನಲ್ಲಿ ಎರಡು ವ್ಯಾಧಿಗಳು ಕೂಡಿ ಬಂದಾಗ, ಎರಡು ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಆಸ್ಪತ್ರೆಗಳಲ್ಲಿ, ಒಂದನ್ನೊಂದು ಅರಿಯದೆ ಬೆಳೆದು ಬಂದ ಎರಡು ಚಿಕಿತ್ಸಾಪರಂಪರೆಗಳು ಅವನ ಹಾಸಿಗೆಯ ಬಳಿಯಲ್ಲಿ ಮೊದಲಬಾರಿಗೆ ಮುಖಾಮುಖಿಯಾಗಿ ನಿಲ್ಲುತ್ತವೆ. ಪ್ರಕೃತ ಲೇಖನದಲ್ಲಿ ನಾವು ವಿವೇಚಿಸಲಿರುವುದು ಇಂತಹ ಒಂದು ಸಂಧಿಸ್ಥಾನವನ್ನು.

ಅವುಗಳಲ್ಲಿ ಮೊದಲನೆಯದು, ಇಂದು ಬೈಪೋಲಾರ್ ಅಥವಾ ದ್ವಿಧ್ರುವ ಮನೋವ್ಯಾಧಿ ಎಂದು ಕರೆಯಲ್ಪಡುವುದು. ಇದರಲ್ಲಿ ರೋಗಿಯ ಚಿತ್ತವು ಕೆಲವು ಕಾಲ ಉನ್ಮಾದದ ಶಿಖರಕ್ಕೇರಿ, ಕೆಲವು ಕಾಲ ಖಿನ್ನತೆಯ ಕಂದರಕ್ಕಿಳಿದು, ನಡುನಡುವೆ ಸಮಸ್ಥಿತಿಗೆ ಮರಳುತ್ತದೆ. ಎರಡನೆಯದು ಅವಧಾನನ್ಯೂನತೆ. ಬಾಲ್ಯದಿಂದಲೇ ಮನಸ್ಸು ಒಂದೆಡೆ ನಿಲ್ಲದಿರುವುದು, ಕೈಹಿಡಿದ ಕೆಲಸ ಪೂರೈಸದಿರುವುದು, ದೇಹವು ಸದಾ ಚಂಚಲವಾಗಿರುವುದು ಇದರ ಲಕ್ಷಣಗಳು. ಅವಧಾನವನ್ನು ಒಂದು ಕಲೆಯನ್ನಾಗಿ ಬೆಳೆಸಿ, ಅಷ್ಟಾವಧಾನ ಶತಾವಧಾನಗಳನ್ನು ಸಭೆಗಳಲ್ಲಿ ಮೆಚ್ಚಿದ ನಾಡಿನವರಾದ ನಮಗೆ ಅದರ ಕೊರತೆಯೂ ಒಂದು ವ್ಯಾಧಿಯಾಗಬಹುದೆಂಬ ಮಾತು ಮೊದಲಿಗೆ ವಿಚಿತ್ರವಾಗಿ ತೋರಿದರೆ ಆಶ್ಚರ್ಯವಿಲ್ಲ. ಹಾಗೆ ತೋರಿದ್ದು ನಮಗೊಬ್ಬರಿಗೇ ಅಲ್ಲವೆಂಬುದನ್ನು ಮುಂದೆ ಕಾಣುವೆವು.

ಈ ಎರಡು ವ್ಯಾಧಿಗಳು ಒಬ್ಬನಲ್ಲಿಯೇ ಕೂಡಿದಾಗ ಚಿಕಿತ್ಸಕನಿಗೆ ಒದಗುವ ಸಂಕಟ ಇದು: ಅವಧಾನವನ್ನು ಬಲಪಡಿಸುವ ಪ್ರಧಾನ ಔಷಧಗಳು ಉತ್ತೇಜಕಗಳು, ಉನ್ಮಾದದ ರೋಗಿಗೆ ಉತ್ತೇಜಕವನ್ನು ಕೊಡುವುದೆಂದರೆ ಉರಿಯುವ ಒಲೆಗೆ ಎಣ್ಣೆ ಹೊಯ್ದಂತಾಗದೆ? ಕೊಡದೆ ಬಿಟ್ಟರೆ ಅವನ ಓದು, ಉದ್ಯೋಗ, ಸಂಸಾರಗಳು ಕೈತಪ್ಪಿ ಹೋಗುವುದಿಲ್ಲವೆ? ಈ ಪ್ರಶ್ನೆಗೆ ಇಂದು ದೊರೆತಿರುವ ಉತ್ತರವು ಯಾವ ದಾರಿಯಿಂದ ಬಂದಿತೆಂಬುದನ್ನು ತಿಳಿಯುವುದೇ ನಮ್ಮ ಉದ್ದೇಶ.

2. ಎರಡು ನಿದಾನಗಳ ಉಗಮ

ಉನ್ಮಾದವೂ ವಿಷಾದವೂ ಒಂದೇ ವ್ಯಾಧಿಯ ಎರಡು ಮುಖಗಳಾಗಿರಬಹುದೆಂಬ ಸೂಚನೆ ಪ್ರಾಚೀನ ಗ್ರೀಕ್ ವೈದ್ಯನಾದ ಕಪಡೋಷಿಯದ ಅರೆಟಿಯಸನಲ್ಲಿಯೇ ದೊರೆಯುತ್ತದೆ. ಆದರೆ ಅದು ಆಧುನಿಕ ನಿದಾನವಾಗಿ ರೂಪುಗೊಂಡುದು ಹತ್ತೊಂಬತ್ತನೆಯ ಶತಮಾನದ ಪ್ಯಾರಿಸಿನಲ್ಲಿ. 1854ರಲ್ಲಿ ಫಾಲ್ರೆ ಎಂಬ ವೈದ್ಯನು ಇದನ್ನು ವರ್ತುಲಾಕಾರದ ಹುಚ್ಚೆಂದೂ, ಬಯಾರ್ಜೆ ಎಂಬವನು ಇಬ್ಬಗೆಯ ರೂಪದ ಹುಚ್ಚೆಂದೂ ವರ್ಣಿಸಿದರು. ಯಾರು ಮೊದಲು ಕಂಡರೆಂಬ ಬಗ್ಗೆ ಅವರಲ್ಲಿ ವಾಗ್ವಾದವೂ ನಡೆಯಿತು. ಅನಂತರ ಜರ್ಮನಿಯ ಎಮಿಲ್ ಕ್ರೇಪೆಲಿನನು 1899ರಲ್ಲಿ ಪ್ರಕಟವಾದ ತನ್ನ ಪಠ್ಯಗ್ರಂಥದ ಆರನೆಯ ಆವೃತ್ತಿಯಲ್ಲಿ ಈ ಸಮಸ್ತ ವರ್ಗಕ್ಕೆ ಉನ್ಮಾದ-ವಿಷಾದ ಚಿತ್ತವಿಕಾರವೆಂಬ ಒಂದೇ ಹೆಸರನ್ನು ಕೊಟ್ಟನು. ಉನ್ಮಾದದ ರೋಗಿಯ ಗಮನವು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹಾರುತ್ತಿರುವುದನ್ನು ಕ್ರೇಪೆಲಿನನೇ ವಿಶದವಾಗಿ ವರ್ಣಿಸಿದ್ದಾನೆ. ಅಂದರೆ ಅವಧಾನಭಂಗವು ಉನ್ಮಾದದ ಲಕ್ಷಣವಾಗಿ ಮೊದಲಿನಿಂದಲೂ ಪರಿಚಿತವಾಗಿದ್ದಿತು. ಮುಂದಿನ ಗೊಂದಲದ ಬೀಜ ಇಲ್ಲಿಯೇ ಇದೆ.

ಅವಧಾನನ್ಯೂನತೆಯ ವಂಶಾವಳಿ ಬೇರೆಯದು. ಸ್ಕಾಟ್ಲೆಂಡಿನ ವೈದ್ಯನಾದ ಅಲೆಗ್ಸಾಂಡರ್ ಕ್ರೈಟನನು 1798ರಲ್ಲಿ ಪ್ರಕಟಿಸಿದ ಮನೋವಿಕಾರಗಳನ್ನು ಕುರಿತ ಗ್ರಂಥದಲ್ಲಿ ಅವಧಾನ ಮತ್ತು ಅದರ ರೋಗಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. 1902ರಲ್ಲಿ ಲಂಡನ್ನಿನ ಶಿಶುವೈದ್ಯ ಜಾರ್ಜ್ ಫ್ರೆಡರಿಕ್ ಸ್ಟಿಲ್, ಬುದ್ಧಿಗೆ ಯಾವ ಕೊರತೆಯೂ ಇಲ್ಲದಿದ್ದರೂ ತಮ್ಮನ್ನು ತಾವು ಹಿಡಿತದಲ್ಲಿ ಇಟ್ಟುಕೊಳ್ಳಲಾರದ ಮಕ್ಕಳನ್ನು ಕುರಿತು ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್‌ನಲ್ಲಿ ಉಪನ್ಯಾಸಗಳನ್ನು ಮಾಡಿದನು. ಆದರೆ ಅವನು ಇದನ್ನು ನೈತಿಕ ಸಂಯಮದ ದೋಷವೆಂದು ಕರೆದನು. ವ್ಯಾಧಿಗೂ ದುರ್ನಡತೆಗೂ ನಡುವಣ ಗೆರೆ ಆಗ ಸ್ಪಷ್ಟವಾಗಿರಲಿಲ್ಲ. ಇಂದಿಗೂ ನಮ್ಮ ಶಾಲೆ ಕಾಲೇಜುಗಳಲ್ಲಿ ಅದು ಸಾಕಷ್ಟು ಸ್ಪಷ್ಟವಾಗಿಲ್ಲವೆಂದೇ ಹೇಳಬೇಕು. ಮೊದಲನೆಯ ಮಹಾಯುದ್ಧದ ಅವಧಿಯಲ್ಲೂ ಅನಂತರವೂ ಹಬ್ಬಿದ ಮಿದುಳುರಿತದ ಜಾಡ್ಯದಿಂದ ಉಳಿದುಬಂದ ಅನೇಕ ಮಕ್ಕಳು ಅತಿಚಂಚಲರಾದುದನ್ನು ಕಂಡ ಮೇಲೆ, ಇಂತಹ ನಡತೆಗೆ ಮಿದುಳಿನಲ್ಲಿ ಕಾರಣವಿರಬಹುದೆಂಬ ಅಭಿಪ್ರಾಯ ಬಲಗೊಂಡಿತು.

ಒಂದು ವ್ಯಾಧಿ ಹುಚ್ಚಾಸ್ಪತ್ರೆಯ ವಯಸ್ಕರಲ್ಲಿ ಕಂಡುದು. ಇನ್ನೊಂದು ಶಾಲೆಯ ಮಕ್ಕಳಲ್ಲಿ ಕಂಡುದು. ಒಂದನ್ನು ನೋಡಿದ ವೈದ್ಯರು ಇನ್ನೊಂದನ್ನು ನೋಡುವ ಸಂದರ್ಭವೇ ವಿರಳವಾಗಿದ್ದಿತು. ಈ ಅಗಲಿಕೆಯೇ ಮುಂದಿನ ಒಂದು ಶತಮಾನದ ಚಿಕಿತ್ಸೆಯ ಗತಿಯನ್ನು ನಿರ್ಧರಿಸಿತೆಂದು ನಮಗೆ ತೋರುತ್ತದೆ.

3. ಲೆಕ್ಕದ ಮಾತ್ರೆ

ಅಮೆರಿಕದ ರೋಡ್ ಐಲೆಂಡ್ ಸಂಸ್ಥಾನದಲ್ಲಿ, ಈಸ್ಟ್ ಪ್ರಾವಿಡೆನ್ಸ್ ಎಂಬಲ್ಲಿ, ಮಕ್ಕಳಿಗಾಗಿ 1931ರಲ್ಲಿ ಎಮ್ಮ ಪೆಂಡಲ್ಟನ್ ಬ್ರಾಡ್ಲಿ ಹೋಂ ಎಂಬ ಆಸ್ಪತ್ರೆ ತೆರೆಯಿತು. ಬಾಲ್ಯದಲ್ಲಿಯೇ ಮಿದುಳುರಿತಕ್ಕೆ ತುತ್ತಾದ ತಮ್ಮ ಮಗಳ ಹೆಸರಿನಲ್ಲಿ ತಂದೆತಾಯಿಗಳು ಬಿಟ್ಟುಹೋದ ಆಸ್ತಿಯಿಂದ ಸ್ಥಾಪಿತವಾದ ಸಂಸ್ಥೆಯಿದು. ಇಲ್ಲಿನ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯನು ಮಕ್ಕಳ ಮಿದುಳಿನ ಚಿತ್ರ ತೆಗೆಯಲು ಬೆನ್ನುಹುರಿಯ ದ್ರವವನ್ನು ಹೊರತೆಗೆಯಬೇಕಾಗುತ್ತಿದ್ದಿತು; ಅದರಿಂದ ಮಕ್ಕಳಿಗೆ ತೀವ್ರವಾದ ತಲೆನೋವು ಬರುತ್ತಿದ್ದಿತು. ಆ ನೋವಿಗೆ ಉಪಾಯವಾಗಿ ಅವನು ಬೆಂಜೆಡ್ರಿನ್ ಎಂಬ ಆಂಫೆಟಮಿನ್ ಜಾತಿಯ ಔಷಧವನ್ನು ಪ್ರಯೋಗಿಸಿದನು. ತಲೆನೋವಿನ ಮೇಲೆ ಅದು ಹೆಚ್ಚಿನ ಪರಿಣಾಮವನ್ನೇನೂ ಮಾಡಲಿಲ್ಲ. ಆದರೆ ಆಸ್ಪತ್ರೆಯ ಶಾಲೆಯ ಉಪಾಧ್ಯಾಯರು, ಮಕ್ಕಳ ಓದಿನಲ್ಲಿ ಒಂದು ವಿಶೇಷ ಬದಲಾವಣೆಯನ್ನು ಕಂಡರು.

1937ರಲ್ಲಿ ಬ್ರಾಡ್ಲಿ ಪ್ರಕಟಿಸಿದ ಲೇಖನದಲ್ಲಿ 30 ಮಕ್ಕಳ ವೃತ್ತಾಂತವಿದೆ. ಒಂದು ವಾರ ಔಷಧ ಸೇವಿಸಿದ ಈ ಮಕ್ಕಳಲ್ಲಿ 14 ಮಂದಿಯ ಶಾಲಾಕಾರ್ಯವು ಗಮನಾರ್ಹವಾಗಿ ಉತ್ತಮಗೊಂಡಿತು. ಲೆಕ್ಕ ಮಾಡಲು ಸುಲಭವಾಯಿತೆಂದು ಮಕ್ಕಳು ಅದನ್ನು ಲೆಕ್ಕದ ಮಾತ್ರೆಯೆಂದೇ ಕರೆದರಂತೆ. ಉತ್ತೇಜಕವೊಂದು ಚಂಚಲ ಬಾಲಕನನ್ನು ಶಾಂತನನ್ನಾಗಿಸಿದುದು ಬ್ರಾಡ್ಲಿಗೂ ವಿರೋಧಾಭಾಸವಾಗಿಯೇ ಕಂಡಿತು. ಈ ಸಂಶೋಧನೆಯನ್ನು ಮೊದಲು ಕಂಡವರು ವೈದ್ಯರಲ್ಲ, ತರಗತಿಯ ಅಧ್ಯಾಪಕರು ಎಂಬ ಸಂಗತಿಯನ್ನು ನಮ್ಮ ವೃತ್ತಿಯವರು ನೆನಪಿನಲ್ಲಿಡಬೇಕು.

ಸ್ವಿಟ್ಜರ್ಲೆಂಡಿನ ಸಿಬಾ ಸಂಸ್ಥೆಯಲ್ಲಿ ಲಿಯಾಂಡ್ರೊ ಪಾನಿಜಾನ್ ಎಂಬ ರಸಾಯನಜ್ಞನು 1944ರಲ್ಲಿ ಮಿಥೈಲ್‌ಫೆನಿಡೇಟ್ ಎಂಬ ಇನ್ನೊಂದು ಉತ್ತೇಜಕವನ್ನು ತಯಾರಿಸಿದನು. 1954ರಿಂದ ಅದು ರಿಟಾಲಿನ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದಿತು. ಆದರೆ ಈ ವರ್ಗದ ಔಷಧಗಳಿಗೆ ಇನ್ನೊಂದು ಮುಖವೂ ಇದ್ದಿತು. 1958ರಲ್ಲಿ ಫಿಲಿಪ್ ಕಾನೆಲ್ ಎಂಬ ಬ್ರಿಟಿಷ್ ಮನೋವೈದ್ಯನು, ಆಂಫೆಟಮಿನಿನಿಂದಲೇ ಚಿತ್ತವಿಭ್ರಮಕ್ಕೆ ಒಳಗಾದ 42 ರೋಗಿಗಳನ್ನು ವರ್ಣಿಸಿ ಒಂದು ಪ್ರಬಂಧವನ್ನು ಪ್ರಕಟಿಸಿದನು. 1971ರ ವಿಶ್ವಸಂಸ್ಥೆಯ ಒಡಂಬಡಿಕೆಯು ಇವುಗಳನ್ನು ನಿಯಂತ್ರಿತ ವಸ್ತುಗಳ ಪಟ್ಟಿಗೆ ಸೇರಿಸಿತು. ಭಾರತದಲ್ಲಿಯೂ ಮಿಥೈಲ್‌ಫೆನಿಡೇಟ್ 1985ರ ಮಾದಕ ವಸ್ತುಗಳ ಕಾಯಿದೆಯ ನಿಯಂತ್ರಣಕ್ಕೆ ಒಳಪಟ್ಟಿದೆ. ಹೀಗೆ ಲೆಕ್ಕದ ಮಾತ್ರೆಯು ಆಶೆಯನ್ನೂ ಅಂಜಿಕೆಯನ್ನೂ ಒಟ್ಟಿಗೇ ಹೊತ್ತು ನಡೆಯಿತು.

4. ಬುಂಡೂರದ ಲವಣ

ಇನ್ನೊಂದು ಪರಂಪರೆಯು ಭೂಮಿಯ ಇನ್ನೊಂದು ಮೂಲೆಯಲ್ಲಿ ಆರಂಭವಾಯಿತು. ಎರಡನೆಯ ಮಹಾಯುದ್ಧದಲ್ಲಿ ಸಿಂಗಪುರದ ಚಾಂಗಿಯಲ್ಲಿ ಜಪಾನೀಯರ ಸೆರೆಯಾಳಾಗಿದ್ದ ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್, ಬಿಡುಗಡೆಯಾದ ಮೇಲೆ ಮೆಲ್ಬರ್ನ್ ನಗರದ ಹೊರವಲಯದ ಬುಂಡೂರದಲ್ಲಿದ್ದ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದನು. ಉನ್ಮಾದವು ದೇಹದೊಳಗಿನ ಯಾವುದೋ ವಿಷದಿಂದ ಉಂಟಾಗುತ್ತದೆಂಬುದು ಅವನ ಊಹೆ. ಆ ವಿಷವನ್ನು ಹುಡುಕುತ್ತ, ಯೂರಿಕ್ ಆಮ್ಲವನ್ನು ಕರಗಿಸುವ ಅನುಕೂಲಕ್ಕಾಗಿ ಲಿಥಿಯಂ ಲವಣವನ್ನು ಬಳಸಿದಾಗ, ಗಿನಿಇಲಿಗಳು ಅಲುಗಾಡದೆ ಮಲಗಿದುದನ್ನು ಕಂಡನು. ಊಹೆ ತಪ್ಪಾಗಿದ್ದಿತು, ಫಲ ಮಾತ್ರ ಸತ್ಯವಾಗಿದ್ದಿತು. ಮೊದಲು ಲವಣವನ್ನು ತಾನೇ ಸೇವಿಸಿ ನೋಡಿ, 1948ರಲ್ಲಿ ಅದನ್ನು ವರ್ಷಗಟ್ಟಲೆ ಉನ್ಮಾದದಲ್ಲಿದ್ದ 51 ವರ್ಷದ ಒಬ್ಬ ರೋಗಿಗೆ ಕೊಟ್ಟನು. ಕೆಲವು ತಿಂಗಳುಗಳಲ್ಲಿ ಆ ರೋಗಿ ಮನೆಗೆ ಹಿಂದಿರುಗಿದನು. 1949ರ ಸೆಪ್ಟೆಂಬರಿನಲ್ಲಿ ಕೇಡನು 10 ಮಂದಿ ಉನ್ಮಾದರೋಗಿಗಳ ಫಲಿತಾಂಶವನ್ನು ಪ್ರಕಟಿಸಿದನು.

ಈ ಕಥೆಯ ದುಃಖಾಂತವನ್ನು ಹೇಳದೆ ಬಿಡುವುದು ಇತಿಹಾಸಕಾರನಿಗೆ ತಕ್ಕುದಲ್ಲ. ಆ ಮೊದಲ ರೋಗಿಯು ಔಷಧವನ್ನು ನಿಲ್ಲಿಸಿ ಮತ್ತೆ ಕಾಯಿಲೆಬಿದ್ದು, ಪುನಃ ಚಿಕಿತ್ಸೆ ಪಡೆದು, 1950ರಲ್ಲಿ ಲಿಥಿಯಂ ವಿಷವೇರಿ ಮೃತನಾದನು. ಹಿತಕರವಾದ ಪ್ರಮಾಣಕ್ಕೂ ವಿಷಕರವಾದ ಪ್ರಮಾಣಕ್ಕೂ ಇಲ್ಲಿ ಅಂತರವು ಅತಿ ಅಲ್ಪ. ಅಮೆರಿಕದಲ್ಲಿ ಉಪ್ಪಿಗೆ ಬದಲಾಗಿ ಲಿಥಿಯಂ ಕ್ಲೋರೈಡನ್ನು ತಿಂದ ಹೃದ್ರೋಗಿಗಳು ಕೆಲವರು 1949ರಲ್ಲಿ ಮರಣಹೊಂದಿದುದರಿಂದ ಅಲ್ಲಿ ಅದರ ಮಾರಾಟವೇ ನಿಂತಿತು. ರಕ್ತದಲ್ಲಿ ಲಿಥಿಯಂ ಪ್ರಮಾಣವನ್ನು ಅಳೆಯುವ ವಿಧಾನ ರೂಢಿಗೆ ಬಂದ ಮೇಲೆಯೇ ಈ ಚಿಕಿತ್ಸೆಗೆ ಭದ್ರವಾದ ನೆಲೆ ದೊರೆತುದು. ಡೆನ್ಮಾರ್ಕಿನ ಮೋಗೆನ್ಸ್ ಶೌ 1954ರಲ್ಲಿ ಅದರ ಗುಣವನ್ನು ವ್ಯವಸ್ಥಿತವಾಗಿ ಪರೀಕ್ಷಿಸಿದನು. 1967ರಲ್ಲಿ ಬಾಸ್ಟ್ರುಪ್ ಮತ್ತು ಶೌ 88 ಮಂದಿ ಸ್ತ್ರೀರೋಗಿಗಳ ದೀರ್ಘಾವಧಿಯ ವೃತ್ತಾಂತದಿಂದ, ಲಿಥಿಯಂ ವ್ಯಾಧಿಯ ಮರುಕಳಿಕೆಯನ್ನು ತಡೆಯುತ್ತದೆಂದು ವಾದಿಸಿದರು. ಬ್ರಿಟನ್ನಿನ ವಿಮರ್ಶಕರು ಇದನ್ನು ಕಟುವಾಗಿ ಆಕ್ಷೇಪಿಸಿದ ಕಾರಣ, 1970ರಲ್ಲಿ ಹೆಚ್ಚು ಕಟ್ಟುನಿಟ್ಟಾದ ಇನ್ನೊಂದು ಪರೀಕ್ಷೆಯಿಂದ ಅವರು ತಮ್ಮ ಪಕ್ಷವನ್ನು ಸಮರ್ಥಿಸಿಕೊಂಡರು. ಅದೇ ವರ್ಷ ಅಮೆರಿಕದ ಸರ್ಕಾರವೂ ಉನ್ಮಾದಕ್ಕೆ ಲಿಥಿಯಂ ಬಳಸಲು ಅನುಮತಿ ನೀಡಿತು.

ರಿಟಾಲಿನ್ ಅಂಗಡಿಗೆ ಬಂದುದೂ, ಶೌ ತನ್ನ ಪರೀಕ್ಷೆಯನ್ನು ಪ್ರಕಟಿಸಿದುದೂ 1954ರಲ್ಲಿಯೇ. ಆದರೆ ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡುವ ಅಗತ್ಯ ಆ ಕಾಲದ ವೈದ್ಯರಿಗೆ ಕಾಣಲಿಲ್ಲ. ಒಂದು ಬಾಲಕರ ಔಷಧ. ಮತ್ತೊಂದು ವಯಸ್ಕರ ಔಷಧ.

5. ಗೋಡೆ ಕುಸಿದುದು

ಈ ಗೋಡೆ ಮೂರು ಕಡೆಗಳಿಂದ ಕುಸಿಯಿತು. ಮೊದಲನೆಯದಾಗಿ, 1980ರಲ್ಲಿ ಅಮೆರಿಕದ ಮನೋವೈದ್ಯ ಸಂಘವು ತನ್ನ ರೋಗನಿದಾನ ಕೈಪಿಡಿಯ ಮೂರನೆಯ ಆವೃತ್ತಿಯನ್ನು ಪ್ರಕಟಿಸಿತು. ದ್ವಿಧ್ರುವವ್ಯಾಧಿ ಎಂಬ ಹೆಸರೂ ಅವಧಾನನ್ಯೂನತೆ ಎಂಬ ಹೆಸರೂ ಆ ಕೈಪಿಡಿಯಲ್ಲಿ ಸ್ಥಾನ ಪಡೆದುದು ಈ ಆವೃತ್ತಿಯಲ್ಲಿಯೇ. ಒಂದೇ ಗ್ರಂಥದ ಎರಡು ಪುಟಗಳಲ್ಲಿ ಲಕ್ಷಣಗಳ ಪಟ್ಟಿಗಳು ಬಂದ ಮೇಲೆ, ಒಬ್ಬ ರೋಗಿ ಎರಡು ಪಟ್ಟಿಗಳಿಗೂ ಒಪ್ಪಬಹುದೆಂಬುದು ಗೋಚರಿಸತೊಡಗಿತು.

ಎರಡನೆಯದಾಗಿ, ಅವಧಾನನ್ಯೂನತೆಯು ಬಾಲ್ಯದೊಂದಿಗೇ ಮುಗಿಯುವುದಿಲ್ಲವೆಂಬ ತಿಳಿವಳಿಕೆ ಹರಡಿತು. ಯೂಟಾ ಪ್ರಾಂತದ ಪಾಲ್ ವೆಂಡರ್ ಮತ್ತು ಅವನ ಸಹೋದ್ಯೋಗಿಗಳು 1970ರ ದಶಕದಿಂದಲೇ ವಯಸ್ಕರಲ್ಲಿ ಇದನ್ನು ಗುರುತಿಸಿ ಚಿಕಿತ್ಸೆ ನಡೆಸಿದ್ದರು. 2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 18ರಿಂದ 44 ವರ್ಷದವರಲ್ಲಿ ಶೇಕಡ 4.4 ಮಂದಿಗೆ ಅವಧಾನನ್ಯೂನತೆಯಿದ್ದಿತು. ಅಂತಹವರಲ್ಲಿ ಶೇಕಡ 19.4 ಮಂದಿಗೆ ದ್ವಿಧ್ರುವವ್ಯಾಧಿಯೂ ಇದ್ದಿತು. ಅವಧಾನನ್ಯೂನತೆಯಿಲ್ಲದವರಲ್ಲಿ ಈ ಪ್ರಮಾಣ ಕೇವಲ 3.1. ಇನ್ನೊಂದು ಕಡೆಯಿಂದ, ದ್ವಿಧ್ರುವವ್ಯಾಧಿಯ ಮೊದಲ 1,000 ರೋಗಿಗಳನ್ನು ಕುರಿತು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇಕಡ 9.5 ಮಂದಿಗೆ ಅವಧಾನನ್ಯೂನತೆ ಕಂಡುಬಂದಿತು. ಇವರಲ್ಲಿ ಚಿತ್ತವ್ಯಾಧಿಯು ಇತರರಿಗಿಂತ ಸುಮಾರು ನಾಲ್ಕೈದು ವರ್ಷ ಮೊದಲೇ ಆರಂಭವಾಗಿದ್ದಿತೆಂಬುದು ಗಮನಿಸತಕ್ಕ ಅಂಶ.

ಮೂರನೆಯದಾಗಿ, ದ್ವಿಧ್ರುವವ್ಯಾಧಿಯನ್ನು ಮಕ್ಕಳಲ್ಲಿಯೂ ಗುರುತಿಸುವ ಪ್ರಯತ್ನ ನಡೆಯಿತು. ಬಾಸ್ಟನ್ನಿನ ವೋಜ್ನಿಯಾಕ್ ಮತ್ತು ಸಂಗಡಿಗರು 1995ರಲ್ಲಿ, ತಾವು ಉನ್ಮಾದವೆಂದು ನಿರ್ಣಯಿಸಿದ ಬಾಲರೋಗಿಗಳಲ್ಲಿ ಒಬ್ಬರನ್ನುಳಿದು ಎಲ್ಲರಿಗೂ ಅವಧಾನನ್ಯೂನತೆಯೂ ಇದ್ದಿತೆಂದು ವರದಿಮಾಡಿದರು. ಇದರಿಂದ ಎದ್ದ ವಿವಾದ ಸಾಮಾನ್ಯವಾದುದಲ್ಲ. ಎರಡು ವ್ಯಾಧಿಗಳು ಇಷ್ಟು ಸಂಪೂರ್ಣವಾಗಿ ಕೂಡಿರುವುದಾದರೆ, ನಿಜವಾಗಿಯೂ ಅವು ಎರಡೇ, ಅಥವಾ ಒಂದನ್ನೇ ಎರಡು ಹೆಸರಿನಿಂದ ಕರೆಯಲಾಗುತ್ತಿದೆಯೇ? ಅಮೆರಿಕದಲ್ಲಿ ಈ ನಿದಾನದೊಡನೆ ವೈದ್ಯರನ್ನು ಕಂಡ ಬಾಲಕರ ಭೇಟಿಗಳ ಸಂಖ್ಯೆ 1994-95ರಲ್ಲಿ ಲಕ್ಷಕ್ಕೆ 25ರಷ್ಟಿದ್ದುದು, 2002-03ರಲ್ಲಿ 1,003ಕ್ಕೆ ಏರಿತು. ಎಂಟು ವರ್ಷಗಳಲ್ಲಿ ಒಂದು ವ್ಯಾಧಿಯೇ ನಲವತ್ತು ಪಟ್ಟು ಹೆಚ್ಚಿತೆಂದು ನಂಬುವುದು ಕಷ್ಟ; ಹೆಚ್ಚಿದುದು ಬಹುಮಟ್ಟಿಗೆ ಹೆಸರಿಡುವ ರೂಢಿ. ಅದರ ಫಲವಾಗಿ ಅನೇಕ ಮಕ್ಕಳು ತೀಕ್ಷ್ಣವಾದ ಔಷಧಗಳಿಗೆ ಒಳಗಾದರು. ಸದಾ ಸಿಡುಕುವ ಮಕ್ಕಳನ್ನು ಈ ವರ್ಗದಿಂದ ಬೇರ್ಪಡಿಸಲು 2013ರ ಐದನೆಯ ಆವೃತ್ತಿಯಲ್ಲಿ ಬೇರೊಂದು ನಿದಾನವನ್ನೇ ನಿರ್ಮಿಸಬೇಕಾಯಿತು.

6. ಕ್ರಮದ ಪ್ರಶ್ನೆ

ಮಾತಿನ ಭರ, ಅಲೆಯುವ ಗಮನ, ಕುಳಿತಲ್ಲಿ ಕುಳಿತುಕೊಳ್ಳಲಾರದ ದೇಹ, ಇವು ಎರಡು ವ್ಯಾಧಿಗಳಲ್ಲಿಯೂ ಉಂಟು. ಇವುಗಳನ್ನು ಬೇರ್ಪಡಿಸುವ ಮುಖ್ಯ ಸಾಧನ ಕಾಲವೇ. ಅವಧಾನನ್ಯೂನತೆಯು ಬಾಲ್ಯದಿಂದ ಎಡೆಬಿಡದೆ ಹರಿದುಬರುತ್ತದೆ. ಉನ್ಮಾದವು ಒಂದು ದಿನ ಆರಂಭವಾಗಿ, ನಿದ್ರೆಯ ಅಗತ್ಯವನ್ನೇ ಅಳಿಸಿಹಾಕಿ, ಕೆಲಕಾಲದ ಮೇಲೆ ಇಳಿಯುತ್ತದೆ. ಉತ್ತೇಜಕವನ್ನು ಕೊಟ್ಟು ನೋಡಿ, ಗುಣವಾದರೆ ಅವಧಾನನ್ಯೂನತೆಯೆಂದು ನಿರ್ಣಯಿಸುವ ಸುಲಭೋಪಾಯವೂ ಉಳಿದಿಲ್ಲ. ಏಕೆಂದರೆ ಜುಡಿತ್ ರಾಪಪೋರ್ಟ್ ಮತ್ತು ಸಂಗಡಿಗರು 1978ರಲ್ಲಿಯೇ, ಯಾವ ವ್ಯಾಧಿಯೂ ಇಲ್ಲದ ಬಾಲಕರಲ್ಲಿಯೂ ಆಂಫೆಟಮಿನ್ ಅದೇ ಪರಿಣಾಮವನ್ನು ಉಂಟುಮಾಡುತ್ತದೆಂದು ತೋರಿಸಿದ್ದರು. ಬ್ರಾಡ್ಲಿಯ ವಿರೋಧಾಭಾಸ ಅಲ್ಲಿಗೆ ಕರಗಿತು. ದ್ವಿಧ್ರುವವ್ಯಾಧಿಯ ರೋಗಿಯಲ್ಲಿ ಗಮನ ಕುಂದಲು ನಾಲ್ಕು ಕಾರಣಗಳಿರಬಹುದು: ನಡೆಯುತ್ತಿರುವ ಉನ್ಮಾದ ಅಥವಾ ಖಿನ್ನತೆ, ಅದು ಇಳಿದ ಮೇಲೂ ಉಳಿಯುವ ಶೇಷ, ಸೇವಿಸುತ್ತಿರುವ ಔಷಧದ ಮಬ್ಬು, ಇಲ್ಲವೆ ಸ್ವತಂತ್ರವಾದ ಅವಧಾನನ್ಯೂನತೆ. ಮೊದಲ ಮೂರನ್ನು ಪರಿಶೀಲಿಸದೆ ನಾಲ್ಕನೆಯದಕ್ಕೆ ಔಷಧ ಕೊಡುವುದು ಅವಿವೇಕ.

ಇದರಿಂದಲೇ ಚಿಕಿತ್ಸೆಯ ಕ್ರಮವೆಂಬ ಪ್ರಶ್ನೆ ಎದ್ದಿತು. 2005ರಲ್ಲಿ ಪ್ರಕಟವಾದ ಶೆಫರ್ ಮತ್ತು ಸಂಗಡಿಗರ ಪರೀಕ್ಷೆ ಈ ದಿಕ್ಕಿನಲ್ಲಿ ಮುಖ್ಯವಾದುದು. ಎರಡು ವ್ಯಾಧಿಗಳೂ ಇದ್ದ 40 ಮಂದಿ ಬಾಲಕರಿಗೆ ಮೊದಲು ಚಿತ್ತವನ್ನು ಸ್ಥಿರಗೊಳಿಸುವ ಡೈವಾಲ್‌ಪ್ರೊಯೆಕ್ಸ್ ಔಷಧವನ್ನು ಎಂಟು ವಾರ ಕೊಟ್ಟರು. 32 ಮಂದಿಯಲ್ಲಿ ಉನ್ಮಾದದ ಲಕ್ಷಣಗಳು ಅರ್ಧಕ್ಕಿಂತ ಕೆಳಗಿಳಿದವು. ಆದರೆ ಅವಧಾನದ ಕೊರತೆ ಬಹುಮಂದಿಯಲ್ಲಿ ಹಾಗೆಯೇ ಉಳಿಯಿತು. ಆಮೇಲೆ 30 ಮಂದಿಗೆ ಸರದಿಯ ಮೇಲೆ ಆಂಫೆಟಮಿನ್ ಲವಣಗಳನ್ನೂ ನಿಸ್ಸತ್ವ ಗುಳಿಗೆಯನ್ನೂ ಕೊಟ್ಟು ಹೋಲಿಸಿದಾಗ, ಉತ್ತೇಜಕವು ಅವಧಾನವನ್ನು ಸುಧಾರಿಸಿತು; ಒಟ್ಟಿನಲ್ಲಿ ಉನ್ಮಾದವನ್ನು ಹೆಚ್ಚಿಸಲಿಲ್ಲ. ಎಲ್ಲ ಪರೀಕ್ಷೆಗಳೂ ಹೀಗೆ ಅನುಕೂಲವಾಗಿಲ್ಲವೆಂಬುದನ್ನೂ ಹೇಳಬೇಕು. ಬ್ರೆಜಿಲಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಸಣ್ಣ ಪರೀಕ್ಷೆಯಲ್ಲಿ ಮಿಥೈಲ್‌ಫೆನಿಡೇಟಿನಿಂದ ಅವಧಾನಕ್ಕೆ ವಿಶೇಷ ಲಾಭ ಕಾಣಲಿಲ್ಲ.

ವಯಸ್ಕರ ವಿಷಯದಲ್ಲಿ ಸ್ವೀಡನ್ನಿನ ರಾಷ್ಟ್ರೀಯ ದಾಖಲೆಗಳನ್ನು ಆಧರಿಸಿ ವಿಕ್ಟೋರಿನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಅತ್ಯಂತ ಬೋಧಪ್ರದವಾಗಿದೆ. 2006ರಿಂದ 2014ರವರೆಗೆ ಮಿಥೈಲ್‌ಫೆನಿಡೇಟ್ ಆರಂಭಿಸಿದ 2,307 ಮಂದಿ ದ್ವಿಧ್ರುವರೋಗಿಗಳನ್ನು ಅವರು ಪರಿಶೀಲಿಸಿದರು. ಚಿತ್ತಸ್ಥಿರಕಾರಿ ಔಷಧವಿಲ್ಲದೆ ಉತ್ತೇಜಕವನ್ನು ಮಾತ್ರ ಸೇವಿಸಿದವರಲ್ಲಿ ಮೊದಲ ಮೂರು ತಿಂಗಳ ಉನ್ಮಾದದ ಅಪಾಯ ಸುಮಾರು 6.7 ಪಟ್ಟು ಹೆಚ್ಚಿದ್ದಿತು. ಚಿತ್ತಸ್ಥಿರಕಾರಿಯೊಡನೆ ಸೇವಿಸಿದವರಲ್ಲಿ ಅದು ಹೆಚ್ಚಲಿಲ್ಲ, 0.6ಕ್ಕೆ ಇಳಿಯಿತು. ಮೊದಲನೆಯ ಅಂಕಿ ಅಲ್ಪಸಂಖ್ಯೆಯ ಘಟನೆಗಳನ್ನು ಆಧರಿಸಿದುದಾದ್ದರಿಂದ ಅದರ ನಿಖರತೆ ಮಿತವಾದುದೆಂಬುದು ನಿಜ. ಆದರೂ ಎರಡು ಅಂಕಿಗಳ ದಿಕ್ಕು ಸ್ಪಷ್ಟವಾಗಿದೆ. ಅಪಾಯವಿದ್ದುದು ಕೇವಲ ಔಷಧದಲ್ಲಿ ಅಲ್ಲ, ಕ್ರಮಭಂಗದಲ್ಲಿ. ಮೊದಲು ಚಿತ್ತಕ್ಕೆ ನೆಲೆ, ಅನಂತರ ಅವಧಾನಕ್ಕೆ ಬಲ, ಅದೂ ಅಲ್ಪ ಪ್ರಮಾಣದಿಂದ ಆರಂಭಿಸಿ, ವೈದ್ಯನ ಕಣ್ಗಾವಲಿನಲ್ಲಿ: ಇದೇ ಇಂದು ಚಿಕಿತ್ಸಕರು ಸಾಮಾನ್ಯವಾಗಿ ಒಪ್ಪಿರುವ ಮಾರ್ಗ. ಔಷಧದ ಜೊತೆಗೆ ನಿದ್ರೆಯ ನಿಯಮ, ದಿನಚರಿಯ ವ್ಯವಸ್ಥೆ, ಮನಶ್ಶಿಕ್ಷಣಗಳಿಗೂ ಈ ಮಾರ್ಗದಲ್ಲಿ ಸ್ಥಾನವಿದೆ.

7. ಉಪಸಂಹಾರ

ಈ ಇತಿಹಾಸದಿಂದ ನಾವು ಗ್ರಹಿಸಬೇಕಾದುದೇನು? ಒಂದು ಔಷಧವು ತಲೆನೋವಿನ ಉಪಾಯದಿಂದಲೂ, ಇನ್ನೊಂದು ತಪ್ಪು ಊಹೆಯಿಂದಲೂ ಹೊರಟವು. ಅವೆರಡೂ ಒಬ್ಬ ರೋಗಿಯಲ್ಲಿ ಸಂಧಿಸುವ ರೀತಿಯನ್ನು ಕ್ರಮವಾಗಿ ಪರೀಕ್ಷಿಸಲು ಸುಮಾರು ಅರವತ್ತು ವರ್ಷಗಳು ಹಿಡಿದವು. ವಿಜ್ಞಾನದ ನಿಧಾನವು ಇದಕ್ಕೆ ಏಕಮಾತ್ರ ಕಾರಣವಲ್ಲ. ಶಾಲೆಯ ಮಗುವನ್ನು ಒಂದು ಇಲಾಖೆಗೂ, ಆಸ್ಪತ್ರೆಯ ವಯಸ್ಕನನ್ನು ಇನ್ನೊಂದು ಇಲಾಖೆಗೂ ಹಂಚಿದ ಸಂಸ್ಥೆಗಳ ವ್ಯವಸ್ಥೆಯೂ ಕಾರಣ. ಆ ಮಗುವೇ ಬೆಳೆದು ಆ ವಯಸ್ಕನಾಗುವನೆಂಬ ಸರಳ ಸಂಗತಿ ಬಹುಕಾಲ ಯಾರ ಕಡತದಲ್ಲಿಯೂ ಸೇರಲಿಲ್ಲ.

ಇಲ್ಲಿ ಅಧ್ಯಾಪಕರಾದ ನಮ್ಮ ಪಾಲಿಗೂ ಒಂದು ಕರ್ತವ್ಯವಿದೆ. ದ್ವಿಧ್ರುವವ್ಯಾಧಿಯು ಹೆಚ್ಚಾಗಿ ತಲೆದೋರುವುದು ಹದಿಹರೆಯದ ಕೊನೆಯಲ್ಲಿ ಮತ್ತು ಯೌವನದ ಆರಂಭದಲ್ಲಿ, ಅಂದರೆ ನಮ್ಮ ತರಗತಿಗಳಲ್ಲಿ ಕುಳಿತಿರುವವರ ವಯಸ್ಸಿನಲ್ಲಿ. ಒಬ್ಬ ವಿದ್ಯಾರ್ಥಿ ಬಾಲ್ಯದಿಂದಲೂ ಚಂಚಲನೋ, ಅಥವಾ ಕಳೆದ ತಿಂಗಳಿಂದ ಮಾತ್ರ ಬದಲಾದನೋ ಎಂಬ ಪ್ರಶ್ನೆಗೆ ಸಾಕ್ಷ್ಯವಿರುವುದು ವೈದ್ಯನ ಕೊಠಡಿಯಲ್ಲಿ ಅಲ್ಲ. ತಾಯಿಯ ನೆನಪಿನಲ್ಲಿ, ಶಾಲೆಯ ಹಳೆಯ ವರದಿಗಳಲ್ಲಿ, ಉಪಾಧ್ಯಾಯರ ಗಮನದಲ್ಲಿ. ನಿದಾನವನ್ನು ಮಾಡುವುದು ನಮ್ಮ ಕೆಲಸವಲ್ಲ. ಆದರೆ ಕಂಡುದನ್ನು ಕಂಡಂತೆ, ಯಾವಾಗ ಕಂಡೆವೆಂಬುದರೊಡನೆ ಹೇಳುವುದು ನಮ್ಮಿಂದಾಗುವ ಕೆಲಸ. ಇತಿಹಾಸದ ವಿದ್ಯಾರ್ಥಿಗೆ ಅದಕ್ಕಿಂತ ಪರಿಚಿತವಾದ ಕೆಲಸ ಬೇರೊಂದಿಲ್ಲ. ಸೋಮಾರಿಯೆಂದೋ ಉದ್ಧಟನೆಂದೋ ನಾವು ಹಾಜರಿಪುಸ್ತಕದ ಅಂಚಿನಲ್ಲಿ ಗುರುತುಹಾಕಿದ ಹೆಸರುಗಳಲ್ಲಿ ಕೆಲವಾದರೂ ಚಿಕಿತ್ಸೆಯ ಸರಿಯಾದ ಕ್ರಮಕ್ಕಾಗಿ ಕಾಯುತ್ತಿದ್ದ ಹೆಸರುಗಳಾಗಿರಬಹುದು. 1937ರಲ್ಲಿ ಬ್ರಾಡ್ಲಿಯ ಆಸ್ಪತ್ರೆಯ ಉಪಾಧ್ಯಾಯರು ತಾವು ಕಂಡುದನ್ನು ಹೇಳದೆ ಸುಮ್ಮನಿದ್ದಿದ್ದರೆ, ಈ ಚರಿತ್ರೆಯ ಅರ್ಧಭಾಗವೇ ಬೇರೆಯಾಗುತ್ತಿದ್ದಿತು.